ಒಂದು ಬಾಲ್ಕನಿಗೆ ಏಳು ಸಹಿ

ಮಾರ್ಚ್ ಹದಿನಾಲ್ಕು, ಭಾನುವಾರ. ಮಧ್ಯಾಹ್ನ ಹನ್ನೆರಡು ಐವತ್ತೆರಡಕ್ಕೆ ಠಾಣೆಯ ಫೋನ್ ಬಡಿದುಕೊಂಡಿತು. ಹೊಲಿಗೆ ಅಂಗಡಿಗಳ ಬೀದಿಯಿಂದ ಔಷಧಿ ಅಂಗಡಿಯವನು ಮಾತಾಡುತ್ತಿದ್ದ. ಎದುರುಗಡೆಯ ಎರಡಂತಸ್ತಿನ ಹಳೇ ಕಟ್ಟಡದ ಬಾಲ್ಕನಿ ಪೂರ್ತಿ ಕೆಳಕ್ಕೆ ಬಂದಿದೆ, ಅಡಿಯಲ್ಲಿ ಒಬ್ಬರು ಸಿಕ್ಕಿಕೊಂಡಿದ್ದಾರೆ ಎಂದ. ಯಾರು ಎಂದು ಕೇಳಿದಾಗ, "ನಮ್ಮ ಕಾಜಾ ಮಾಸ್ತರು ಸರ್" ಎಂದ. 

ಒಂದು ಗಂಟೆ ಐದು ನಿಮಿಷಕ್ಕೆ ಇನ್‌ಸ್ಪೆಕ್ಟರ್ ಸ್ಥಳದಲ್ಲಿದ್ದರು. ಜೊತೆಗೆ, ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ದಫೇದಾರರು ಮತ್ತು ಹದಿನೈದು ವರ್ಷ ಸರ್ವೀಸಾದ ಮಹಿಳಾ ಕಾನ್‌ಸ್ಟೇಬಲ್. ಆಕೆಯ ಜೇಬಿನಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಠಾಣೆಯವರೆಲ್ಲ ಆಕೆಯನ್ನು ಟೇಪಮ್ಮ ಎಂದೇ ಕರೆಯುತ್ತಿದ್ದರು. ಅಗ್ನಿಶಾಮಕ ದಳದವರು ಕಾಂಕ್ರೀಟಿನ ತುಂಡುಗಳನ್ನೆತ್ತಿ ಮಾಸ್ತರನ್ನು ಹೊರತೆಗೆಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಎಪ್ಪತ್ತರ ಸಣಕಲು ಮನುಷ್ಯ. ನಲವತ್ತು ವರ್ಷಗಳಿಂದ ಅದೇ ಬಾಲ್ಕನಿಯ ಕೆಳಗಿನ ಗೂಡಂಗಡಿಯಲ್ಲಿ ಕೂತು ಬೀದಿಯ ದರ್ಜಿಗಳ ಕೋಟು, ಶರ್ಟುಗಳಿಗೆ ಕೈಯಿಂದಲೇ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದವರು. ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸೂಜಿ ಹಾಗೇ ಇತ್ತು.

ಪಂಚನಾಮೆ ಎರಡು ಗಂಟೆಗೆ ಶುರುವಾಯಿತು. ಬಿದ್ದ ಬಾಲ್ಕನಿಯ ಉದ್ದ ಹದಿನಾಲ್ಕು ಅಡಿ, ಅಗಲ ನಾಲ್ಕು ಅಡಿ. ಕಟ್ಟಡದ ಮುಂದೆ ಕಾಲುದಾರಿಗೆ ಅಡ್ಡಲಾಗಿ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಲಾಗಿತ್ತು. ಬಾಲ್ಕನಿಗೆ ಆನಿಕೆಯಾಗಿ ನಿಲ್ಲಿಸಿದ್ದ ಎರಡು ಜಾಕಿಗಳು, ಎಂದರೆ ತಾರಸಿ ಹಾಕುವವರು ಬಳಸುವ ಕಬ್ಬಿಣದ ಕೊಳವೆ ಕಂಬಗಳು, ಸ್ಥಳದಲ್ಲೇ ಸಿಕ್ಕವು. ಎಡಗಡೆಯದು ಭಾರಕ್ಕೆ ಬಿಲ್ಲಿನಂತೆ ಬಾಗಿತ್ತು. ಬಲಗಡೆಯದಕ್ಕೆ ಏನೂ ಆಗಿರಲಿಲ್ಲ. ಪಕ್ಕದ ಓಣಿಯ ಬಾಯಲ್ಲಿ ನೆಟ್ಟಗೆ ಮಲಗಿತ್ತು.

ಟೇಪಮ್ಮ ಅದರ ಪಕ್ಕ ಮಂಡಿಯೂರಿ ಕೂತಳು. ಒಮ್ಮೆ ಅಳೆದಳು. ಗೋಡೆಯ ಮೇಲೆ ಬಾಲ್ಕನಿ ಕಿತ್ತುಬಂದ ಗುರುತಿನ ತನಕ ನೆಲದಿಂದ ಅಳೆದಳು. ಮತ್ತೆ ಜಾಕಿಯನ್ನು ಅಳೆದಳು.

"ಸರ್, ಇದು ಎರಡೂವರೆ ಇಂಚು ಗಿಡ್ಡ ಇದೆ."

"ಅಂದ್ರೆ?"

"ಬಾಲ್ಕನಿಗೆ ತಾಗ್ತಾನೇ ಇರ್ಲಿಲ್ಲ. ಈ ನಟ್ಟು ನೋಡಿ. ಮೊದಲು ಮೇಲಿತ್ತು, ಅದಿದ್ದ ಜಾಗ ಮಾತ್ರ ಹೊಳೀತಿದೆ, ಸುತ್ತ ಎಲ್ಲ ಧೂಳು. ಯಾರೋ ತಿರುಗಿಸಿ ಇಳಿಸಿದ್ದಾರೆ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ತಿರುಪಿನ ಗೆರೆಗಳ ನಡುವೆ ಎರಡು ಬೆರಳಗಲದ ಹೊಳಪು. ನಟ್ಟು ತಿರುಗಿಸುವ ರಾಡ್ ಮಾತ್ರ ಎಲ್ಲೂ ಇರಲಿಲ್ಲ. ಇದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಅಷ್ಟರಲ್ಲಿ ಮೇಲಿನ ಮನೆಯಿಂದ ಅರುವತ್ತು ದಾಟಿದ ಹೆಂಗಸೊಬ್ಬರು ಒಗೆದ ಬಿಳಿ ಬೆಡ್‌ಶೀಟ್ ತಂದು ಮಾಸ್ತರ ಮೇಲೆ ಹೊದಿಸಿದರು.  ಬೀದಿಗೆಲ್ಲ ಅವರು ದೊಡ್ಡಕ್ಕ. ಕಟ್ಟಡದ ಏಳು ವಾರಸುದಾರರಲ್ಲಿ ಹಿರಿಯರು, ಅಲ್ಲೇ ವಾಸವಾಗಿರುವವರು ಅವರೊಬ್ಬರೇ. ಹೊದಿಸಿ ನಿಂತವರು ಯಾರನ್ನೂ ನೋಡದೆ, "ಭಾನುವಾರ ಇವರು ಯಾಕೆ ಬಂದ್ರು?" ಎಂದರು. 

ಸಂಜೆ ನಾಲ್ಕು ಹತ್ತಕ್ಕೆ ಮಾಸ್ತರ ಮಗಳು ಠಾಣೆಗೆ ಬಂದು ದೂರು ಬರೆದುಕೊಟ್ಟಳು. ಆಕೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಕ್ಷರ ಮುದ್ದಾಗಿತ್ತು, ಎಲ್ಲೂ ತಪ್ಪಿರಲಿಲ್ಲ. ದೂರಿನಲ್ಲಿ ಏಳೂ ಮಾಲೀಕರ ಮೇಲೆ ಆರೋಪವಿತ್ತು.

"ಏಳು ಜನರಲ್ಲಿ ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಎಲ್ಲರ ಮೇಲೂ. ಒಬ್ಬರೂ ರಿಪೇರಿ ಮಾಡಿಸ್ಲಿಲ್ಲ."

"ಅಪ್ಪ ಭಾನುವಾರ ಅಂಗಡಿಗೆ ಹೋಗ್ತಿದ್ರಾ?"

"ಇಲ್ಲ. ಮೂಲೆ ಅಂಗಡಿ ಟೈಲರು ಅರ್ಜೆಂಟ್ ಅಂತ ಮೂವತ್ತು ಕೋಟು ಕೊಟ್ಟಿದ್ರು." ಪೆನ್ನನ್ನು ಮೇಜಿನ ಮೇಲಿಟ್ಟಳು. "ಹೋಗಬೇಡಪ್ಪ ಅನ್ನಬಹುದಿತ್ತು ನಾನು. ಅನ್ಲಿಲ್ಲ."

ನಾಲ್ಕು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ದಫೇದಾರರು ಪೆನ್ನಿಗೆ ಮುಚ್ಚಳ ಹಾಕುತ್ತಾ, "ಕಟ್ಟಡಕ್ಕೆ ಏಳು ಯಜಮಾನರು ಸರ್, ಬಾಲ್ಕನಿಗೆ ಮಾತ್ರ ಒಬ್ಬನೂ ಇಲ್ಲ" ಎಂದರು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜಾಕಿ ಬಾಡಿಗೆಗೆ ಕೊಡುವವನನ್ನು ಕರೆಸಿದರು. ಅವನು ಎರಡೂ ಜಾಕಿಗಳನ್ನು ತಿರುಗಿಸಿ ನೋಡಿ, ಇವು ತನ್ನವೇ, ಎಂಟು ತಿಂಗಳ ಹಿಂದೆ ದೊಡ್ಡಕ್ಕ ತೆಗೆದುಕೊಂಡು ಹೋದವು ಎಂದ.

"ನಟ್ಟು ತಾನಾಗಿ ಇಳಿಯುತ್ತಾ?"

"ಭಾರ ಮೇಲಿದ್ರೆ? ಸಾಧ್ಯಾನೇ ಇಲ್ಲ ಸರ್. ರಾಡ್ ಹಾಕಿ, ಕಾಲು ಗೋಡೆಗೆ ಕೊಟ್ಟು, ಉಸಿರು ಹಿಡಿದು ತಿರುಗಿಸ್ಬೇಕು."

"ಹೆಂಗಸಿನ ಕೈಲಿ ಆಗುತ್ತಾ?"

"ರಾಡ್ ಉದ್ದ ಇದ್ರೆ ಮಗೂ ತಿರುಗಿಸುತ್ತೆ." ಹೇಳಿದ ಮೇಲೆ ಆ ಪ್ರಶ್ನೆಯನ್ನು ಯಾಕೆ ಕೇಳಿದರೆಂದು ಅವನಿಗೇ ದಿಗಿಲಾದಂತಿತ್ತು. ಆದರೆ ಆ ಹೊತ್ತಿಗೆ ಇನ್‌ಸ್ಪೆಕ್ಟರ್‌ಗೂ ಗೊತ್ತಿರಲಿಲ್ಲ. ಎಲ್ಲ ಬಾಗಿಲೂ ತಟ್ಟುವುದು ಅವರ ಅಭ್ಯಾಸ.

ಬೀದಿಯವರೆಲ್ಲ ಬೆರಳು ತೋರಿಸಿದ್ದು ಕಟ್ಟಡದ ಹಿಂದಿನ ಮುದ್ರಣಾಲಯದ ಯಜಮಾನನ ಕಡೆಗೆ. ಬಲಗಡೆಯ ಜಾಕಿ ನಿಂತಿದ್ದುದು ಅವನ ಪ್ರೆಸ್ಸಿಗೆ ಹೋಗುವ ಐದಡಿ ಓಣಿಯ ಬಾಯಲ್ಲಿ. ಕಳೆದ ತಿಂಗಳು ಅವನಿಗೂ ದೊಡ್ಡಕ್ಕನಿಗೂ ಅದೇ ಜಾಗದಲ್ಲಿ ಜೋರು ಜಗಳವಾಗಿತ್ತು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಪ್ರೆಸ್ಸಿಗೆ ಹೋದರು. ಒಳಗೆಲ್ಲ ಶಾಯಿಯ ವಾಸನೆ. ಮಧ್ಯದಲ್ಲಿ ಕಾಗದ ಕತ್ತರಿಸುವ ಹೊಸ ಯಂತ್ರ.

"ಜಗಳ ಯಾತಕ್ಕೆ?"

"ಈ ಯಂತ್ರ ಒಳಗೆ ತರೋಕೆ ಜಾಕಿನ ಒಂದೇ ಒಂದು ಅಡಿ ಆ ಕಡೆ ಸರಿಸಿ ಅಂದೆ. ಓಣಿ ಏಳು ಜನರದ್ದು, ಏಳೂ ಜನ ಒಪ್ಪಬೇಕು ಅಂದ್ರು ದೊಡ್ಡಕ್ಕ. ಒಂದಡಿ ಕಂಬ ಸರಿಸೋಕೆ ಏಳು ಮನೆ ಬಾಗಿಲಿಗೆ ಹೋಗ್ಲಾ ಸರ್? ಎರಡು ಮನೆಗೆ ಹೋದೆ. ಮೂರನೇದಕ್ಕೆ ಸುಸ್ತಾದೆ."

"ಆಮೇಲೆ ನೀವೇ ಇಳಿಸಿದ್ರಿ."

"ಇಲ್ಲ ಸರ್. ಯಂತ್ರಾನೇ ಬಿಚ್ಚಿ, ತುಂಡು ತುಂಡಾಗಿ ತಂದು ಇಲ್ಲಿ ಜೋಡಿಸಿದೆ. ಗುರುವಾರವೇ ಮುಗೀತು. ಭಾನುವಾರ ಜಾಕಿ ತೆಗೆದು ನನಗೇನಾಗಬೇಕು?"

ಮೆಕ್ಯಾನಿಕ್‌ನನ್ನು ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು. ಭಾನುವಾರ ಯಜಮಾನ ಊರಲ್ಲೇ ಇರಲಿಲ್ಲ; ರೈಲಿನ ಟಿಕೆಟ್ ತೋರಿಸಿದ. ಹೊರಡುವಾಗ ಅವನು ಬಾಗಿಲವರೆಗೂ ಬಂದ. "ಅವತ್ತು ಜಗಳದಲ್ಲಿ, ಈ ಬಾಲ್ಕನಿ ಬಿದ್ದೇ ಹೋಗ್ಲಿ ಅಂದಿದ್ದೆ ಸರ್. ಮಾಸ್ತರು ಅಲ್ಲೇ ಕೂತು ಕೇಳಿಸ್ಕೊಂಡು ನಕ್ಕಿದ್ರು."

ಮಂಗಳವಾರ ವಾರಸುದಾರರ ಸರದಿ. ಅವರ ಅಪ್ಪ ಬಟ್ಟೆ ವ್ಯಾಪಾರದಿಂದ ಕಟ್ಟಿಸಿದ ಕಟ್ಟಡವನ್ನು ಪಾಲು ಮಾಡದೆ ತೀರಿಕೊಂಡಿದ್ದರು. ಕಟ್ಟಡದ ಪ್ರತಿ ಇಟ್ಟಿಗೆಯಲ್ಲೂ ಏಳು ಜನರಿಗೆ ಹಕ್ಕಿತ್ತು. ಒಂದು ಇಟ್ಟಿಗೆ ಮುಟ್ಟಬೇಕಾದರೂ ಏಳು ಜನ ಒಪ್ಪಬೇಕಿತ್ತು. ಬೇಡ ಎನ್ನಲು ಮಾತ್ರ ಒಬ್ಬರೇ ಸಾಕಾಗಿತ್ತು.

ಹತ್ತು ಗಂಟೆಗೆ ದೊಡ್ಡಕ್ಕನ ಹಿರಿಯ ತಮ್ಮ ಬಂದ. ನಿವೃತ್ತ ಲೆಕ್ಕದ ಮೇಷ್ಟ್ರು.

"ರಿಪೇರಿಗೆ ಯಾಕೆ ಸಹಿ ಹಾಕ್ಲಿಲ್ಲ?"

"ಹಾಕ್ದೆ ಸರ್! ಮೂರು ಸಲ ಹಾಕಿದೀನಿ. ಒಪ್ಪಿಗೆ ಪತ್ರಕ್ಕೆ ನಗರಸಭೆಯಲ್ಲಿ ತೊಂಬತ್ತು ದಿನ ಮಾತ್ರ ಬೆಲೆ. ಕೊನೆಯವರು ಹಾಕೋಷ್ಟರಲ್ಲಿ ಮೊದಲನೆಯವರದ್ದು ಹಳಸಿರುತ್ತೆ. ನಾಲ್ಕನೇ ಸಲ ಅಕ್ಕ ಬಂದಾಗ, ಎಲ್ಲರದ್ದೂ ಆಗ್ಲಿ, ಕೊನೇಲಿ ಹಾಕ್ತೀನಿ ಅಂದೆ."

"ಉಳಿದವರೂ ಹಾಗೇ ಅಂದ್ರಾ?"

ಆತ ತಲೆ ತಗ್ಗಿಸಿದ. "ಅಂದಿರ್ಬೇಕು."

ಉಳಿದವರೂ ಹಾಗೇ ಅಂದಿದ್ದರು. ಪರ ಊರಿನಲ್ಲಿದ್ದ ಇನ್ನೊಬ್ಬ ತಮ್ಮ, ಖರ್ಚಿನ ಅಂದಾಜು ನೋಡದೆ ಸಹಿ ಇಲ್ಲ ಎಂದಿದ್ದ. ಎಲ್ಲರೂ ಒಪ್ಪದೆ ಅಂದಾಜು ಬರೆಯಲು ಮೇಸ್ತ್ರಿ ಒಪ್ಪಿರಲಿಲ್ಲ. ತೀರಿಕೊಂಡ ತಮ್ಮನ ಹೆಂಡತಿ ಮಧ್ಯಾಹ್ನ ಬಂದು ಅತ್ತೇಬಿಟ್ಟಳು. ಮಗಳಿಗೆ ಹದಿನೆಂಟು ತುಂಬಿಲ್ಲ, ಅವಳ ಪಾಲಿಗೆ ತಾಯಿ ಸಹಿ ಹಾಕಬೇಕಾದರೆ ಕೋರ್ಟಿನ ಅನುಮತಿ ಬೇಕು. ಆರು ಸಲ ಅಲೆದು ಕೈಬಿಟ್ಟಿದ್ದಳು. ತಂಗಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ; ಅವಳ ಹೆಸರಿನ ಕೆಳಗೆ ತನ್ನ ಹೆಸರು ಬರೆಯುವುದಿಲ್ಲವೆಂದು ಇಬ್ಬರೂ ಹಟ ಹಿಡಿದಿದ್ದರು. ಕಿರಿಯ ತಮ್ಮನಿಗೆ ಕಟ್ಟಡವನ್ನು ಮಾರುವ ಆಸೆ. ರಿಪೇರಿಯಾದರೆ ಮಾರಾಟದ ಮಾತು ತಣ್ಣಗಾಗುತ್ತದೆಂದು ಮೀನಮೇಷ ಎಣಿಸುತ್ತಾ ಕೂತಿದ್ದ.

ಅವನನ್ನು ಇನ್‌ಸ್ಪೆಕ್ಟರ್ ಹೆಚ್ಚು ಹೊತ್ತು ಕೂರಿಸಿಕೊಂಡರು.

"ಬಾಲ್ಕನಿ ಬಿದ್ರೆ ನಿಮಗೆ ಲಾಭ."

"ಲಾಭ ಅಂತ ಅನ್ಕೊಂಡಿದ್ದೆ ಸರ್." ಅವನ ಮುಖ ಬಿಳಚಿಕೊಂಡಿತ್ತು. "ಆದ್ರೆ ನಾನು ಮುಟ್ಟಿಲ್ಲ. ಭಾನುವಾರ ಬೆಳಿಗ್ಗೆಯಿಂದ ಹೆಂಡತಿ ಜೊತೆ ಆಸ್ಪತ್ರೇಲಿದ್ದೆ. ನೀವೇ ವಿಚಾರಿಸಿ." ವಿಚಾರಿಸಿದರು. ಇದ್ದ.

ಆ ಸಂಜೆ ದಫೇದಾರರು ಹಳೇ ಅರ್ಜಿಗಳ ಕಟ್ಟಿನಿಂದ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಕಳೆದ ಜುಲೈ ತಿಂಗಳದ್ದು. ದೊಡ್ಡಕ್ಕ ಬರೆದ ಅರ್ಜಿ: ಬಾಲ್ಕನಿ ಬೀಳುವಂತಿದೆ, ಏಳೂ ಜನರನ್ನು ಒಂದು ದಿನ ಠಾಣೆಗೆ ಕರೆಸಿ ಒಟ್ಟಿಗೆ ಕೂರಿಸಿ ಬುದ್ಧಿ ಹೇಳಬೇಕು. ಕೆಳಗೆ ಇನ್‌ಸ್ಪೆಕ್ಟರ್ ಕೈಬರಹ: "ಸಿವಿಲ್ ಸ್ವರೂಪದ ವಿಷಯ. ನ್ಯಾಯಾಲಯವನ್ನು ಸಂಪರ್ಕಿಸಲು ತಿಳಿಸಲಾಗಿದೆ. ಮುಕ್ತಾಯ."

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು. ಆಕೆಯ ಮುಖ ನೆನಪಿಗೆ ಬರಲಿಲ್ಲ. ಆ ದಿನ ಬಹುಶಃ ತಲೆ ಎತ್ತದೆಯೇ ಬರೆದಿರಬೇಕು.

"ಕಾನೂನು ಪ್ರಕಾರ ಸರಿಯಾಗೇ ಬರೆದಿದ್ದೀರಿ ಸರ್" ಎಂದರು ದಫೇದಾರರು.

"ಹೌದು. ಸರಿಯಾಗೇ ಬರೆದಿದ್ದೀನಿ. ಫೈಲಿಗೆ ಹಾಕಿ."

"ಇದು ಈ ಕೇಸಿಗೆ..."

"ಹಾಕಿ ದಫೇದಾರ್ರೇ. ಪುಟ ಸಂಖ್ಯೆ ಕೊಟ್ಟು ಹಾಕಿ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ನಗರಸಭೆ. ಕಟ್ಟಡ ವಿಭಾಗದ ಎಂಜಿನಿಯರ್ ಕಡತ ಹುಡುಕಿ ತೆಗೆದ. ದೊಡ್ಡಕ್ಕ ಮೂರು ವರ್ಷಗಳಲ್ಲಿ ಎಷ್ಟು ಸಲ ಬಂದಿದ್ದರೆಂದು ಅವನಿಗೇ ಲೆಕ್ಕ ಸಿಗಲಿಲ್ಲ.

"ಏಳು ಸಹಿ ಇಲ್ಲದೆ ರಿಪೇರಿಗೆ ದಾರೀನೇ ಇಲ್ವಾ?"

"ಒಂದಿದೆ ಸರ್. ಕಟ್ಟಡ ಅಪಾಯಕಾರಿ ಅಂತ ನಾವು ಬರೆದ್ರೆ ಆದೇಶ ಹೊರಡುತ್ತೆ. ಆಗ ಯಾರ ಸಹಿಯೂ ಬೇಡ. ಹದಿನೈದು ದಿನದಲ್ಲಿ ರಿಪೇರಿ ಮಾಡ್ಲೇಬೇಕು."

"ಮತ್ತೆ ಬರೀಲಿಲ್ಲ ಯಾಕೆ?"

"ಕೆಳಗೆ ಎರಡು ಜಾಕಿ ಇತ್ತಲ್ಲ ಸರ್. 'ತಾತ್ಕಾಲಿಕ ಆಸರೆ ಇದೆ, ತಕ್ಷಣದ ಅಪಾಯವಿಲ್ಲ' ಅಂತ ಬರೆದೆ. ಎರಡು ವಾರದ ಹಿಂದೆ ಬಂದಾಗಲೂ ಹೇಳಿದೆ. ಆಸರೆ ಇರೋವರೆಗೆ ನಾನು ಅಪಾಯ ಅಂತ ಬರೆಯೋಕಾಗಲ್ಲ ಅಮ್ಮಾ, ಒಂದು ಮೂಲೆ ಬಿರುಕು ಬಿಟ್ಟು ಗಾರೆ ಉದುರಿದ್ರೆ ಫೋಟೋ ತಗೊಂಡು..."

ಎಂಜಿನಿಯರ್ ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ನಿಧಾನವಾಗಿ ಕಡತ ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿದ.

"ನಾನು ಸುಮ್ನೆ ನಿಯಮ ಹೇಳಿದ್ದು ಸರ್" ಎಂದ.

ಇನ್‌ಸ್ಪೆಕ್ಟರ್ ಮೆಟ್ಟಿಲಿಳಿದರು. ಜೀಪಿನಲ್ಲಿ ಕೂತ ಮೇಲೆ ಟೇಪಮ್ಮನೇ ಹೇಳಿದಳು. "ಸರ್, ಆ ನೀಲಿ ಹಗ್ಗ. ಅದು ಬಟ್ಟೆ ಒಣಗಿಸೋ ಹಗ್ಗ. ದೊಡ್ಡಕ್ಕನ ಮನೆ ಟೆರೇಸಿನ ತಂತಿಕಂಬದಲ್ಲಿ ಅದೇ ಹಗ್ಗದ ತುಂಡು ನೇತಾಡ್ತಿತ್ತು. ಮೊನ್ನೆಯೇ ನೋಡಿದೆ. ಅವರು ಮಾಸ್ತರಿಗೆ ಬೆಡ್‌ಶೀಟ್ ಹೊದಿಸಿದ್ದು ನೋಡಿ ನನಗೆ ಹೇಳೋಕೆ ಬಾಯೇ ಬರ್ಲಿಲ್ಲ."

"ಈಗ ಹೇಳಿದ್ಯಲ್ಲ."

"ಎರಡು ದಿನ ತಡ ಆಯ್ತು ಸರ್."

ಹನ್ನೆರಡು ಗಂಟೆಗೆ ಮಾಸ್ತರ ಮನೆಗೆ ಹೋದರು. ಒಂದೇ ಕೋಣೆ, ಪಕ್ಕಕ್ಕೆ ಅಡುಗೆಮನೆ. ಗೋಡೆಯ ಮೊಳೆಯಲ್ಲಿ ಮಾಸ್ತರ ಕನ್ನಡಕ ದಾರದಿಂದ ನೇತಾಡುತ್ತಿತ್ತು. ಇನ್‌ಸ್ಪೆಕ್ಟರ್ ನಿಂತೇ ಕೇಳಿದರು.

"ಶನಿವಾರ ಅಪ್ಪ ದೊಡ್ಡಕ್ಕನ ಜೊತೆ ಮಾತಾಡಿದ್ರಾ?"

"ಮಾತಾಡಿದ್ರು. ಮನೆಗೆ ಬಂದು ನಗ್ತಾ ಹೇಳಿದ್ರು. ನಾಳೆ ಇಡೀ ದಿನ ಕರೆಂಟ್ ಇರಲ್ಲ, ಬರ್ಬೇಡಿ ಮಾಸ್ತರೇ ಅಂದ್ರಂತೆ ದೊಡ್ಡಕ್ಕ. 'ನಲವತ್ತು ವರ್ಷದಿಂದ ನೋಡ್ತಿದ್ದಾಳೆ, ನನ್ನ ಸೂಜಿಗೆ ಕರೆಂಟ್ ಯಾಕೆ ಬೇಕು? ಬಾಗಿಲ ಹೊರಗೆ ಸ್ಟೂಲ್ ಹಾಕ್ಕೊಂಡ್ರೆ ಬೆಳಕು ಬೇಕಾದಷ್ಟಿದೆ' ಅಂದ್ರು ಅಪ್ಪ."

"ಹಗ್ಗ ಕಟ್ಟಿದ್ದು ಅವರಿಗೆ ಕಾಣಲಿಲ್ವಾ?"

"ಅವರು ಯಾವತ್ತೂ ಓಣಿಯ ಪಕ್ಕದ ಬಾಗಿಲಿಂದಲೇ ಒಳಗೆ ಹೋಗೋದು. ಆಮೇಲೆ ಕಂಡಿದ್ರೂ ಬಟ್ಟೆ ಒಣಗಿಸೋ ಹಗ್ಗ ಅಂದ್ಕೊಂಡಿರ್ತಾರೆ." ಆಕೆ ಇನ್‌ಸ್ಪೆಕ್ಟರ ಮುಖ ನೋಡಿದಳು. "ಯಾಕೆ ಸರ್? ದೊಡ್ಡಕ್ಕ ಮೂರು ದಿನದಿಂದ ಊಟ ಕಳಿಸ್ತಿದ್ದಾರೆ ನಮಗೆ."

ವಿದ್ಯುತ್ ಕಚೇರಿಯಿಂದ ಎರಡೂವರೆಗೆ ಲಿಖಿತ ಉತ್ತರ ಬಂತು. ಭಾನುವಾರ ಆ ಬೀದಿಯಲ್ಲಿ ವಿದ್ಯುತ್ ಕಡಿತ ಇರಲಿಲ್ಲ; ಕಡಿತದ ಯೋಜನೆಯೂ ಇರಲಿಲ್ಲ.

ಮೂರು ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್, ಟೇಪಮ್ಮ, ದಫೇದಾರರು ಮೂವರೂ ದೊಡ್ಡಕ್ಕನ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದೇ ಇತ್ತು. ಮುಂಗೋಣೆಯಿಂದ ಬಾಲ್ಕನಿಗೆ ಹೋಗುತ್ತಿದ್ದ ಬಾಗಿಲು ಈಗ ಬರೀ ಗಾಳಿಗೆ ತೆರೆಯುತ್ತಿತ್ತು. ಅದಕ್ಕೆ ಅಡ್ಡವಾಗಿ ಒಂದು ಕುರ್ಚಿ ಇಡಲಾಗಿತ್ತು. ದೊಡ್ಡಕ್ಕ ಇನ್ನೊಂದು ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಬಟ್ಟೆಯ ಚೀಲ. ಯಾರನ್ನೋ ಕಾಯುತ್ತಿದ್ದವರ ಹಾಗೆ ತಲೆ ಎತ್ತಿದರು.

"ಕೂತ್ಕೊಳ್ಳಿ ಇನ್‌ಸ್ಪೆಕ್ಟರೇ."

"ಶನಿವಾರ ಮಾಸ್ತರಿಗೆ ಕರೆಂಟ್ ಇರಲ್ಲ ಅಂತ ಯಾಕೆ ಹೇಳಿದ್ರಿ?"

"ಬರಬಾರದು ಅಂತ."

"ಹಗ್ಗ?"

"ನಾನೇ ಕಟ್ಟಿದ್ದು. ಬೆಳಿಗ್ಗೆ ಐದೂವರೆಗೆ."

"ಜಾಕಿ?"

ದೊಡ್ಡಕ್ಕ ಎದ್ದು ಅಡುಗೆಮನೆಗೆ ಹೋದರು. ಟೇಪಮ್ಮ ಜೊತೆಗೇ ಹೋದಳು. ಅಕ್ಕಿ ಡಬ್ಬದ ಹಿಂದಿನಿಂದ ಮೂರಡಿ ಉದ್ದದ ಕಬ್ಬಿಣದ ರಾಡ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಪಕ್ಕದ ಇಬ್ಬರನ್ನು ಕರೆಸಿ ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡ ಮೇಲೆ ದೊಡ್ಡಕ್ಕ ಮಾತಾಡಿದರು. ಯಾರೂ ಒತ್ತಾಯಿಸಲಿಲ್ಲ.

"ಬಲಗಡೆದು ಒಂದು ಮಾತ್ರ ಇಳಿಸಿದೆ. ಮೂಲೆ ಬಿರುಕು ಬಿಟ್ಟರೆ ಸಾಕಾಗಿತ್ತು. ಒಂದು ಫೋಟೋ ತೆಗೆದು ಮತ್ತೆ ಏರಿಸಿಬಿಡೋಣ, ಸೋಮವಾರ ಎಂಜಿನಿಯರಿಗೆ ತೋರಿಸೋಣ ಅಂತ. ಭಾನುವಾರ ಎದುರಿನ ಔಷಧಿ ಅಂಗಡಿ ಬಿಟ್ಟು ಬೀದಿ ಪೂರ್ತಿ ಮುಚ್ಚಿರುತ್ತೆ. ಒಂದು ಗಂಟೆ ಕಾದೆ, ಎರಡು ಗಂಟೆ ಕಾದೆ. ಏನೂ ಆಗಲಿಲ್ಲ. ಕಿಟಕಿ ಹತ್ರಾನೇ ನಿಂತಿದ್ದೆ. ಹನ್ನೆರಡಕ್ಕೆ ಹೆದರಿಕೆ ಶುರುವಾಯ್ತು, ಮತ್ತೆ ಏರಿಸಿಬಿಡೋಣ ಅಂದ್ಕೊಂಡೆ. ರಾಡ್ ತಗೊಂಡು ಕೆಳಗೆ ಹೊರಟೆ. ಅರ್ಧ ಮೆಟ್ಟಿಲು ಇಳಿದು ವಾಪಸ್ ಬಂದೆ."

"ಯಾಕೆ ವಾಪಸ್ ಬಂದ್ರಿ?"

"ಇಷ್ಟು ಮಾಡಿದ್ದು ದಂಡ ಆಗುತ್ತಲ್ಲ ಅನ್ನಿಸ್ತು. ಇನ್ನೊಂದು ಗಂಟೆ ನೋಡೋಣ ಅಂತ ಸ್ನಾನಕ್ಕೆ ಹೋದೆ." ಅವರು ತಮ್ಮ ಅಂಗೈ ನೋಡಿಕೊಂಡರು, ರಾಡಿನ ತುಕ್ಕು ಅಂಟಿತ್ತು. "ಆ ಅರ್ಧ ಮೆಟ್ಟಿಲು ಇನ್‌ಸ್ಪೆಕ್ಟರೇ. ಅದನ್ನೂ ಬರ್ಕೊಳ್ಳಿ."

ದಫೇದಾರರು ಬರೆದುಕೊಂಡರು. ಚೀಲದಲ್ಲಿ ಒಪ್ಪಿಗೆ ಪತ್ರಗಳಿದ್ದವು, ಹನ್ನೊಂದು ಪ್ರತಿ. ಕೆಲವು ಪ್ರತಿಗಳಲ್ಲಿ ಮೂರು ಸಹಿ, ಕೆಲವುದರಲ್ಲಿ ನಾಲ್ಕು, ಒಂದರಲ್ಲಿ ಐದು. ಏಳನೆಯ ಗೆರೆ ಎಲ್ಲದರಲ್ಲೂ ಖಾಲಿ. ಟೇಪಮ್ಮ ಒಂದೊಂದಾಗಿ ತೆಗೆದು ಜೋಡಿಸಿದಳು.

"ಜುಲೈನಲ್ಲಿ ನನ್ನ ಹತ್ರ ಬಂದಿದ್ರಿ" ಎಂದರು ಇನ್‌ಸ್ಪೆಕ್ಟರ್.

"ಬಂದಿದ್ದೆ."

"ನೋಡಬೇಕಾಗಿತ್ತು ನಾನು."

ದೊಡ್ಡಕ್ಕ ಖಾಲಿ ಚೀಲವನ್ನು ಮಡಿಚಿ ಮೇಜಿನ ಮೇಲಿಟ್ಟರು.

ನಾಲ್ಕು ನಲವತ್ತೈದಕ್ಕೆ ಬಂಧನ ದಾಖಲಾಯಿತು. ಎಫ್‌ಐಆರ್‌ನಲ್ಲಿದ್ದ ಆರೋಪ ಬದಲಾಗಿ, ಕೊಲೆಯಲ್ಲದ ಮಾನವಹತ್ಯೆ ಎಂದಾಯಿತು. ಮೆಟ್ಟಿಲಿಳಿಯುವಾಗ ದೊಡ್ಡಕ್ಕ ಟೇಪಮ್ಮನ ತೋಳು ಹಿಡಿದುಕೊಂಡಿದ್ದರು. ಅರ್ಧ ಇಳಿದ ಮೇಲೆ ಒಂದು ಕ್ಷಣ ನಿಂತರು, ಟೇಪಮ್ಮನೂ ನಿಂತಳು. ಕೆಳಗೆ ಔಷಧಿ ಅಂಗಡಿಯವನು, ಪ್ರೆಸ್ಸಿನ ಯಜಮಾನ, ಮೂಲೆ ಅಂಗಡಿಯ ಟೈಲರು ಬಾಗಿಲುಗಳಲ್ಲಿ ನಿಂತಿದ್ದರು.  ಟೈಲರು ಮಾತ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ನ್ಯಾಯಾಲಯದ ಪಡಸಾಲೆಯಲ್ಲಿ ಆರೂ ಜನ ಬಂದು ಸೇರಿದ್ದರು. ಪರ ಊರಿನ ತಮ್ಮ ಮೊದಲ ಬಸ್ಸಿಗೇ ಬಂದಿದ್ದ. ಮುಖ ನೋಡದ ತಂಗಿಯರಿಬ್ಬರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಹಿರಿಯ ತಮ್ಮ ಮುಂದೆ ಬಂದು, "ಜಾಮೀನಿಗೆ ಎಷ್ಟು ಜನ ಸಹಿ ಹಾಕ್ಬೇಕು ಸರ್? ನಾವೆಲ್ಲ ಹಾಕ್ತೀವಿ" ಎಂದ.

"ಇಬ್ಬರು ಸಾಕು" ಎಂದರು ದಫೇದಾರರು.

ದೊಡ್ಡಕ್ಕ ಬೆಂಚಿನಿಂದಲೇ ಕೈ ಅಡ್ಡ ಮಾಡಿದರು. "ನನಗೆ ಜಾಮೀನು ಬೇಡ. ಇಷ್ಟು ಜನ ಬಂದಿದ್ದೀರಿ, ಆ ಹುಡುಗಿ ಮನೆಗೆ ಹೋಗಿ."

ಹೋಗುವ ಅಗತ್ಯವಿರಲಿಲ್ಲ. ಮಾಸ್ತರ ಮಗಳು ಪಡಸಾಲೆಯ ಆ ತುದಿಯಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ. ಅವಳು ನಡೆದು ಬಂದಾಗ ಆರೂ ಜನ ದಾರಿ ಬಿಟ್ಟರು. ಟೇಪಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಇನ್‌ಸ್ಪೆಕ್ಟರ್ ಬೇಡವೆಂದು ಕಣ್ಣಲ್ಲೇ ತಡೆದರು.

"ದೊಡ್ಡಕ್ಕ, ಒಂದೇ ಕೇಳ್ತೀನಿ. ಅಪ್ಪನಿಗೆ ನಿಜ ಹೇಳಬಹುದಿತ್ತಲ್ಲ? ಹೀಗೆ ಮಾಡ್ತಿದ್ದೀನಿ, ನಾಳೆ ಈ ಕಡೆ ಬರ್ಬೇಡಿ ಅಂತ. ಅಪ್ಪ ಬೈತಿದ್ರು, ಅಷ್ಟೇ. ಆಮೇಲೆ ಅವರೇ ಬಂದು ರಾಡ್ ಹಿಡೀತಿದ್ರು ನಿಮಗೆ."

ದೊಡ್ಡಕ್ಕ ಬೆಂಚಿನಿಂದ ಎದ್ದು ಉತ್ತರ ಕೊಟ್ಟರು.  ಅದನ್ನು ಇನ್‌ಸ್ಪೆಕ್ಟರ್ ಅಂದು ಮಧ್ಯಾಹ್ನ ಕೇಸ್ ಡೈರಿಯಲ್ಲಿ, 'ಆರೋಪಿಗೆ ಮೃತರ ಮೇಲೆ ಯಾವ ದ್ವೇಷವೂ ಇರಲಿಲ್ಲ' ಎಂಬ ಸಾಲಿನ ಕೆಳಗೆ, ಆಡಿದ ಮಾತಿನಲ್ಲೇ ಬರೆದುಕೊಂಡರು:

"ಅನ್ನಿಸಿತ್ತು ಮಗಾ. ಹೇಳ್ಬೇಕು ಅಂತಾನೇ ಶನಿವಾರ ಕೆಳಗೆ ಇಳಿದಿದ್ದು. ಹೇಳಿದ್ರೆ ಅವರು ಬೇಡ ಅಂತಿದ್ರೇನೋ, ಹೂಂ ಅಂತಿದ್ರೇನೋ. ಮೂರು ವರ್ಷ ಮನೆ ಮನೆ ಬಾಗಿಲಲ್ಲಿ ನಿಂತು ಕೇಳಿದೀನಿ. ಇನ್ನೊಬ್ಬರ ಮುಂದೆ ನಿಂತು ಒಪ್ಕೊಳ್ಳಿ ಅಂತ ಕೇಳೋ ಶಕ್ತಿ ನನ್ನಲ್ಲಿ ಉಳಿದಿರ್ಲಿಲ್ಲ."